ಕೆಳಗಿನ ಎರಡಕ್ಷರ

ಮಂಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಹೋಗಬೇಕಾದ ಪತ್ರವನ್ನು ಟೈಪು ಮಾಡಿ ಮುಗಿಸಿ, ರೂಢಿಯಂತೆ ಹಾಳೆಯ ಎಡಮೂಲೆಯಲ್ಲಿ ಧಣಿಯ ಹೆಸರಿನ ಮೊದಲಕ್ಷರಗಳನ್ನು, ಪಕ್ಕದಲ್ಲೊಂದು ಓರೆಗೆರೆಯನ್ನು, ಅದರಾಚೆ ತನ್ನ ಎರಡಕ್ಷರಗಳನ್ನು ಹೊಡೆದ ಮೇಲೆ ಓಂಕಾರಮೂರ್ತಿಯ ಕೈ ಮಿಶಿನ್ನಿನ ಮೇಲೆಯೇ ಉಳಿಯಿತು. ಓ, ಎಮ್. ಹದಿನಾರು ವರ್ಷದಿಂದ ಈ ಎಸ್ಟೇಟಿನ ರೈಟರಾಗಿ ಅವನು ಹೊಡೆದ ಒಂದೊಂದು ಕಾಗದದ ಕೆಳಗೂ ಈ ಎರಡಕ್ಷರ ಹೋಗಿ ಕೂತಿವೆ. ಹೇಳಿದವರು ಒಬ್ಬರು, ಹೊಡೆದವನು ಇನ್ನೊಬ್ಬ. ನಾಳೆ ತಪ್ಪು ಕಂಡರೆ ಯಾರ ಕಿವಿ ಹಿಂಡಬೇಕೆಂದು ಗೊತ್ತಾಗಲಿ ಎಂದು ಚಿಕ್ಕಮಗಳೂರಿನಲ್ಲಿ ಅವನಿಗೆ ಟೈಪು ಕಲಿಸಿದ ಮುದುಕ ಹೇಳಿಕೊಟ್ಟ ಪದ್ಧತಿ ಅದು. ಕಾಗದ ಓದುವವರು ಯಾರೂ ಆ ಮೂಲೆಯ ಕಡೆ ಕಣ್ಣು ಹಾಯಿಸುವುದಿಲ್ಲ. ಹಾಯಿಸುವವರನ್ನು ನಾನೇ ಕೈಯಾರೆ ತಯಾರು ಮಾಡಿದ್ದೇನಲ್ಲ ಎಂದುಕೊಂಡು ಅವನು ಹಾಳೆಯನ್ನು ಎಳೆದು ತೆಗೆದ. ಹೊರಗೆ ಕಣದಲ್ಲಿ ಒಣಗಲು ಹರವಿದ, ಒಳಸಿಪ್ಪೆ ಬಿಡಿಸದ ಪಾರ್ಚ್‌ಮೆಂಟ್ ಕಾಫಿಯನ್ನು ಹೆಂಗಸರು ಕಾಲಿನಿಂದ ಸಾಲೆಳೆದು ತಿರುವಿಹಾಕುತ್ತಿದ್ದರು. ಆ ಸರಸರ ಸದ್ದು ಬೇರೆ ದಿನಗಳಲ್ಲಿ ಅವನಿಗೆ ಕೇಳಿಸುತ್ತಲೂ ಇರಲಿಲ್ಲ. ಇವತ್ತು ಯಾರೋ ಬಾಗಿಲಾಚೆ ಕಾಲೆಳೆಯುತ್ತ ಕಾಯುತ್ತಿದ್ದಾರೆ ಅನ್ನಿಸಿತು. ಬುಧವಾರ. ಸಂಜೆ ರಜಬ್ ಅಲಿಯ ಸರದಿ.

ಕೊಟ್ಟಿಗೆಹಾರದಲ್ಲಿ, ಚಾರ್ಮಾಡಿ ಘಾಟಿಗೆ ಇಳಿಯುವ ರಸ್ತೆಯ ಬದಿಗೆ, ರಜಬ್ ಅಲಿಯ ಮೋಟಾರು ರಿಪೇರಿ ಶೆಡ್ಡು. ವಾರಕ್ಕೆರಡು ಸಂಜೆ ಅಲ್ಲಿ ದೊಡ್ಡವರಿಗೆ ಇಂಗ್ಲಿಷ್ ಪಾಠ, ಮೇಷ್ಟ್ರು ಓಂಕಾರಮೂರ್ತಿ. ಪುಸ್ತಕವಿಲ್ಲ. ಮಕ್ಕಳ ಪುಸ್ತಕದ ಬೆಕ್ಕು ಇಲಿ ತಗೊಂಡು ನಾವು ಎಂತ ಮಾಡೋದು ಎಂದು ಮೊದಲ ದಿನವೇ ಎಲ್ಲರೂ ತಕರಾರು ಎತ್ತಿದ್ದರಿಂದ, ಒಬ್ಬೊಬ್ಬರು ಸರದಿಯ ಪ್ರಕಾರ ತಮ್ಮ ಮನೆಯಲ್ಲಿ ಬಿದ್ದಿರುವ ಒಂದು ಇಂಗ್ಲಿಷ್ ಬರಹ ತರುವುದು, ಅದೇ ಆ ವಾರದ ಪಾಠ, ಎಂದು ನಿಶ್ಚಯವಾಯಿತು. ದಿನಸಿ ಅಂಗಡಿಯ ಲಿಂಗಪ್ಪ ತನ್ನ ತಂದೆ ದೇವರ ಪೆಟ್ಟಿಗೆಯಲ್ಲಿಟ್ಟು ಹೋದ ಒಂದು ಕಾಗದ ತಂದಿದ್ದ. ಜಮೀನಿನ ಪತ್ರವೆಂದು ಮೂವತ್ತು ವರ್ಷ ಅದಕ್ಕೆ ವಿಭೂತಿ ಹಚ್ಚಿ ಕೈ ಮುಗಿದಿದ್ದರು. ಓದುತ್ತ ಹೋದರೆ ಅದು ಯಾವುದೋ ವಿಲಾಯತಿ ಹೊಲಿಗೆ ಮಿಶಿನ್ನಿನ ಜಾಹೀರಾತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಲಿಂಗಪ್ಪ ನಕ್ಕ, ನಕ್ಕು ಮುಗಿದ ಮೇಲೆ ಆ ಕಾಗದವನ್ನು ಮೊದಲಿನಷ್ಟೇ ಜೋಪಾನವಾಗಿ ಮಡಿಸಿ ಜೇಬಿಗೆ ಇಟ್ಟುಕೊಂಡ. ಆವತ್ತು ನಗದೆ ಇದ್ದವನು ರಜಬ್ ಅಲಿಯೊಬ್ಬನೇ. ಅವನು ಶೆಡ್ಡಿನ ಗೋಡೆಯ ಕಡೆ ನೋಡುತ್ತಿದ್ದ. ಅಲ್ಲಿ, ಕಟ್ಟು ಹಾಕಿಸಿ ಗಾಜಿನೊಳಗಿಟ್ಟ ಅವನ ಚೀಟಿ ತೂಗುತ್ತಿತ್ತು. ಎಸ್ಟೇಟಿನ ಹಳೆಯ ಬಿಳಿಯ ದೊರೆ ಕೆಲಸದಿಂದ ಬಿಡಿಸುವಾಗ ಕೊಟ್ಟ ಚೀಟಿ. ಹೋದ ಬುಧವಾರ ಪಾಠ ಮುಗಿದು ಓಂಕಾರಮೂರ್ತಿ ಚಪ್ಪಲಿ ಮೆಟ್ಟುತ್ತಿರುವಾಗ ಗೋಡೆ ನೋಡಿದರೆ ಕಟ್ಟು ಇರಲಿಲ್ಲ. ಎಣ್ಣೆಹೊಗೆ ಹಿಡಿದ ಗೋಡೆಯ ಮೇಲೆ ಅದು ಇದ್ದಷ್ಟು ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. "ಬರೋ ಬುಧವಾರ ನನ್ನ ಸರದಿ ಅಲ್ವಾ ಮೇಷ್ಟ್ರೇ, ಅದನ್ನೇ ತರ್ತೀನಿ" ಎಂದು ರಜಬ್ ಅಲಿ ಕೈ ಒರೆಸಿಕೊಳ್ಳುತ್ತ ಹೇಳಿದ್ದ. ಆಗಿನಿಂದ ಏಳು ದಿನ ಓಂಕಾರಮೂರ್ತಿಗೆ ಊಟ ರುಚಿಸಿಲ್ಲ.

ಆ ಚೀಟಿಯಲ್ಲಿ ಏನಿದೆ ಎಂದು ಈ ಸೀಮೆಯಲ್ಲಿ ಬಲ್ಲವನು ಅವನೊಬ್ಬನೇ. ದೊರೆ ಎಸ್ಟೇಟು ಮಾರಿ ತನ್ನ ದೇಶಕ್ಕೆ ಹೋಗಿ ಆರು ವರ್ಷವಾಯಿತು. ಕೊಂಡವರು ಚಿಕ್ಕಮಗಳೂರಿನ ಜವಳಿ ವ್ಯಾಪಾರದ ಗಂಗಾಧರಪ್ಪನವರು. ಕುರ್ಚಿ ಬದಲಾಯಿತು, ಟೈಪು ಮಿಶಿನ್ನು ಅದೇ ಉಳಿಯಿತು, ಅದರೆದುರು ಕೂತವನೂ ಅವನೇ. ಒಂಬತ್ತು ವರ್ಷದ ಹಿಂದೆ, ಮಳೆ ಬಿಟ್ಟ ಹೊಸತರಲ್ಲಿ, ದೊರೆ ಇಬ್ಬರು ನೆಂಟರೊಡನೆ ಮಂಗಳೂರಿನಿಂದ ಬರುತ್ತಿದ್ದ. ಕಾರು ಓಡಿಸುತ್ತಿದ್ದವನು ರಜಬ್ ಅಲಿ. ಘಾಟಿಯ ನಡುವೆ ಮಂಜು ಬಂದು ಬಿತ್ತು. ಮುಂದಿನ ಚಕ್ರ ಕಾಣದ ಮಂಜು. ಕುಡಿದಿದ್ದ ದೊರೆ ಓಡಿಸು ಓಡಿಸು ಎಂದು ಹಿಂದಿನಿಂದ ಬೆತ್ತದಲ್ಲಿ ಸೀಟಿಗೆ ಬಡಿದ. ರಜಬ್ ಅಲಿ ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಸ್ಟಾರ್ಟು ಮಾಡುವ ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಗಂಟೆ ಸುಮ್ಮನೆ ಕೂತ. ಬೈದರೂ ಕೂತ. ನೆಂಟರು ನಗತೊಡಗಿದಾಗಲೂ ಕೂತ. ಮಂಜು ಹರಿದ ಮೇಲೆ ಎಲ್ಲರನ್ನೂ ಬಂಗಲೆಗೆ ತಂದು ಮುಟ್ಟಿಸಿದ. ಮೂರನೆಯ ದಿನ ಕೆಲಸ ಹೋಯಿತು. ಹೋಗುವಾಗ ಅವನು ಕೇಳಿದ್ದು ಒಂದೇ, ಎಲ್ಲ ಆಳುಗಳೂ ಕೇಳುವಂತೆ, ಒಂದು ಚೀಟಿ. ದೊರೆ ಪೈಪು ಕಚ್ಚಿಕೊಂಡು, ಕಿಟಕಿಯಿಂದ ಹೊರಗೆ ನಿಂತವನನ್ನೇ ನೋಡುತ್ತ, ನಡುನಡುವೆ ತಾನೇ ನಗುತ್ತ ಹೇಳಿದ; ಓಂಕಾರಮೂರ್ತಿ ಹೊಡೆದ. ಸೊಕ್ಕಿನ ಮಾತು ಬಂತು, ಹೊಡೆದ. ಚಾಟಿಯ ಮಾತು ಬಂತು, ಹೊಡೆದ. ಕೊನೆಯ ಎರಡು ಸಾಲುಗಳನ್ನು ಅವನು ಈಗಲೂ ಪೂರ್ತಿ ನೆನಪಿಗೆ ತಂದುಕೊಳ್ಳುವುದಿಲ್ಲ. ಅಲ್ಲಿಗೆ ಬರುತ್ತಲೇ ಮನಸ್ಸು ಬೇರೆ ಏನಾದರೂ ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತದೆ. ಬಲವಂತಕ್ಕೆ ಹೊಡೆದೆ ಎಂದು ಸಮಾಧಾನ ಹೇಳಿಕೊಳ್ಳಲೂ ಅವನಿಗೆ ದಾರಿಯಿಲ್ಲ. ಒಂದು ಅಕ್ಷರ ಮಸುಕಾಗಿ ಬಿತ್ತೆಂದು, ದೊರೆ ಕೇಳದಿದ್ದರೂ, ಹಾಳೆ ಬದಲಿಸಿ ಎರಡನೆಯ ಸಲ ಅಚ್ಚುಕಟ್ಟಾಗಿ ಹೊಡೆದಿದ್ದ. ನಾಚಿಕೆಯಾಗಬೇಕು, ಎಂದು ಅವನು ಖಾಲಿ ಆಫೀಸಿನಲ್ಲಿ ಗಟ್ಟಿಯಾಗಿಯೇ ಹೇಳಿದ. ಬಾಗಿಲಲ್ಲಿ ಬಂದು ನಿಂತಿದ್ದ ಮೇಸ್ತ್ರಿ, ತನಗೇ ಹೇಳಿದರೆಂದು ತಿಳಿದು, ತಲೆಗೆ ಸುತ್ತಿದ ಬಟ್ಟೆ ತೆಗೆದು ಸರಿದು ನಿಂತ.

ಆ ದಿನ ಜಗುಲಿಯಲ್ಲಿ ರಜಬ್ ಅಲಿ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, "ಎಂತ ಬರೆದಿದ್ದಾರೆ ರೈಟ್ರೇ?" ಎಂದು ಕೇಳಿದ. ಓಂಕಾರಮೂರ್ತಿ ಕಾಗದ ತೆಗೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಕಾಗದದಲ್ಲಿ ಇಲ್ಲದ್ದನ್ನು ಓದಿದ. ರಜಬ್ ಅಲಿ ನಂಬಿಕೆಯ ಮನುಷ್ಯ. ಚಾರ್ಮಾಡಿಯ ಒಂದೊಂದು ತಿರುವನ್ನೂ ಬಲ್ಲವನು. ಓಡಿಸುವವರು ಬೇಕಾದಷ್ಟು ಜನ ಸಿಗುತ್ತಾರೆ, ಮಂಜಿನಲ್ಲಿ ನಿಲ್ಲಲು ಬಲ್ಲವನು ನೂರಕ್ಕೊಬ್ಬ. ಇವನನ್ನು ಕಳೆದುಕೊಳ್ಳುವುದು ನನಗೇ ನಷ್ಟ. ಹೇಳುತ್ತ ಹೇಳುತ್ತ ಅವನ ದನಿ ನಡುಗಿತ್ತು. ಏಕೆಂದರೆ ಅದು ಸುಳ್ಳಾಗಿರಲಿಲ್ಲ, ಆ ಕಾಗದದಲ್ಲಿ ಮಾತ್ರ ಇರಲಿಲ್ಲ. ರಜಬ್ ಅಲಿ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಹೋದ. ಸುಳ್ಳು ಒಂದೇ ಸಲ ಹೇಳಿ ತೊಳೆದುಕೊಳ್ಳುವಂಥದ್ದಾದರೆ ಎಷ್ಟು ಚೆನ್ನಾಗಿತ್ತು. ಏಳು ವರ್ಷ ಕಳೆದು ರಜಬ್ ಅಲಿಯ ಮಗಳು ಬದರುನ್ನೀಸಾಳ ನಿಶ್ಚಿತಾರ್ಥಕ್ಕೆ ಮೂಡಿಗೆರೆಯಿಂದ ಗಂಡಿನವರು ಬಂದಾಗ, ಚೀಟಿ ಗೋಡೆಯಿಂದ ಇಳಿದು ಬಂತು, ಓದಲು ರೈಟರಿಗೆ ಕರೆ ಬಂತು. ಹತ್ತು ಜನ ಹಿರಿಯರ ನಡುವೆ ಅವನು ಬೆವರುತ್ತ ಓದಿದ. ಮುಗಿಸಿ ಕೊಟ್ಟಾಗ ರಜಬ್ ಅಲಿ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ, "ಮಂಜಿನ ಮಾತು ಬಿಟ್ರಿ ರೈಟ್ರೇ" ಎಂದ. ಓಂಕಾರಮೂರ್ತಿ ಮತ್ತೆ ಬೆರಳಿಟ್ಟು ಮಂಜಿನ ಮಾತು ಓದಿದ. ಗಂಡಿನ ಅಜ್ಜ ಗಡ್ಡ ನೀವಿಕೊಂಡು ತಲೆದೂಗಿದರು. ಅದಕ್ಕೆ ಮೊದಲಿನ ವರ್ಷಗಳಲ್ಲಿ ಘಾಟಿ ಹತ್ತಿ ಬಿಸಿಯಾದ ಕಾರುಗಳಿಗೆ ನೀರು ಹಾಕಿಸಲು ಶೆಡ್ಡಿನೆದುರು ನಿಂತ ಬಿಳಿಯ ಗಂಡಸರು ಹೆಂಗಸರು ಗೋಡೆಯ ಹತ್ತಿರ ಹೋಗಿ ಓದಿ, ಒಬ್ಬರನ್ನೊಬ್ಬರು ನೋಡಿ, ತುಟಿ ಬಿಗಿ ಹಿಡಿದು ಕಾರು ಹತ್ತುವುದನ್ನು ಓಂಕಾರಮೂರ್ತಿ ಎರಡು ಸಲ ಕಣ್ಣಾರೆ ಕಂಡಿದ್ದಾನೆ. "ನನ್ನ ಚೀಟಿ ಓದಿ ಖುಷಿಪಟ್ಟು ಹೋದ್ರು" ಎಂದು ರಜಬ್ ಅಲಿ ಹೇಳುತ್ತಿದ್ದ. ಕಾರು ಮೊದಲ ತಿರುವು ದಾಟಿದ ಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಗುವುದು ಓಂಕಾರಮೂರ್ತಿಯ ಕಿವಿಗೆ ಮಾತ್ರ ಕೇಳುತ್ತಿತ್ತು.

ಮಧ್ಯಾಹ್ನ ಮನೆಗೆ ಹೋದವನು ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟ. ಮೈಯಲ್ಲಿ ಹುಷಾರಿಲ್ಲ, ಇವತ್ತು ಪಾಠ ಇಲ್ಲವೆಂದು ಯಾರ ಕೈಲಾದರೂ ಹೇಳಿ ಕಳಿಸು ಎಂದ. ಅವನ ಹೆಂಡತಿ ಸರೋಜಮ್ಮ ಕೈ ಒರೆಸಿಕೊಂಡು ಬಂದು ಹಣೆ ಮುಟ್ಟಿದಳು. "ತಣ್ಣಗಿದೆ. ನಂಗಿಂತ ತಣ್ಣಗಿದೆ" ಎಂದಳು. "ಎಂತದ್ದು ಅಂತ ನಂಗೆ ಹೇಳ್ಬೇಡಿ, ಪರವಾಗಿಲ್ಲ. ಆದ್ರೆ ಆ ಸಾಬ್ರು ನಾಲ್ಕು ಗಂಟೆಗೇ ಕೆಲ್ಸ ನಿಲ್ಲಿಸಿ, ನೆಲ ಗುಡಿಸಿ, ಬೆಂಚು ಹಾಕಿ ಕಾಯ್ತಾ ಇರ್ತಾರೆ. ಆ ರಂಗಮ್ಮ ಎರಡು ಮೈಲಿ ನಡೆದು ಬರ್ತಾಳೆ. ನೀವು ಇಲ್ಲಿ ಕಂಬಳಿ ಹೊದ್ದು ಮಲಗ್ತೀನಿ ಅಂದ್ರೆ ಮಲಗಿ." ಅವಳಿಗೆ ಬೈಯಲು ಬಾರದು, ಅದೇ ಕಷ್ಟ. ಬೈದಿದ್ದರೆ ಜಗಳವಾಡಿ ಮನೆಯಲ್ಲೇ ಉಳಿಯಬಹುದಿತ್ತು. ಅವನು ಕೊರಳಿನ ಲಿಂಗದ ವಸ್ತ್ರ ಸರಿಮಾಡಿಕೊಂಡು, ಕೋಟು ಹಾಕಿಕೊಂಡು, ಹೊತ್ತಿಗೆ ಮೊದಲೇ ಹೊರಟ.

ದಾರಿ ಸವೆಸಲು ಅವನು ಬೇಕೆಂದೇ ತೋಟದ ಒಳದಾರಿ ಹಿಡಿದ. ಕಾಫಿ ಕೊಯ್ದು ಮುಗಿದು ಗಿಡಗಳು ಹಗುರಾಗಿದ್ದವು. ಒಂದು ಒಳ್ಳೆ ಮಳೆ ಬಿದ್ದರೆ ಹೂವಾಗಲು ಮೊಗ್ಗು ಕಚ್ಚಿ ಕೂತಿದ್ದವು. ಪಾಠ ಶುರುವಾದದ್ದೂ ಹೋದ ವರ್ಷ ಇದೇ ದಿನಗಳಲ್ಲಿ. ರಜಬ್ ಅಲಿ ಒಂದು ಭಾನುವಾರ ಮನೆಯ ತನಕ ಬಂದು, ಅಂಗಳದಲ್ಲಿ ನಿಂತು, "ನಮ್ಮ ಮನೇಲಿರೋ ಕಾಗದ ನಮ್ಗೇ ಓದಕ್ಕೆ ಬರಲ್ಲ ಅಂದ್ರೆ ಹ್ಯಾಂಗೆ ರೈಟ್ರೇ? ನೀವು ಕಲಿಸ್ತೀರಿ ಅಂದ್ರೆ ಜಾಗ ನಂದು, ದೀಪ ನಂದು" ಎಂದಿದ್ದ. ಆಗಲೂ ಓಂಕಾರಮೂರ್ತಿ ಮನಸ್ಸಿನಲ್ಲೇ ಲೆಕ್ಕಾಚಾರ ಹಾಕಿದ: ಬೇಡವೆಂದರೆ ಬೇರೆ ಯಾರಾದರೂ ಕಲಿಸಿಯಾರು, ತಾನೇ ಕಲಿಸಿದರೆ ಎಷ್ಟು ಕಲಿಸಬೇಕೆಂಬುದು ತನ್ನ ಕೈಯಲ್ಲಿರುತ್ತದೆ. ಅದಕ್ಕಾಗಿ ನಾಲ್ಕು ತಿಂಗಳು ಬರೀ ದೊಡ್ಡಕ್ಷರ ಕಲಿಸಿದ. ಚೀಟಿ ಹೆಚ್ಚುಕಡಿಮೆ ಪೂರ್ತಿ ಸಣ್ಣಕ್ಷರದಲ್ಲಿತ್ತು. ಮಿಲ್ಲಿನ ಚೀಲದ ಮೇಲಿನ ಹೆಸರು, ಮೈಲಿಗಲ್ಲಿನ ಹೆಸರು, ಲಾರಿಯ ಹಣೆಯ ಹೆಸರು ಎಲ್ಲ ಓದಲು ಬಂದು ಎಲ್ಲರೂ ಹಿಗ್ಗಿದರು; ಇಂಗ್ಲಿಷಿನಲ್ಲಿ ಇನ್ನೊಂದು ಜಾತಿ ಅಕ್ಷರ ಇದೆಯೆಂಬುದನ್ನು ಅವರಿಂದ ಮುಚ್ಚಿಟ್ಟು ಅವನು ಮೇಷ್ಟ್ರ ಗತ್ತಿನಲ್ಲಿ ಓಡಾಡಿದ. ಸೂಲಗಿತ್ತಿ ರಂಗಮ್ಮ ಅದನ್ನು ಕೆಡಿಸಿದಳು. ಆಸ್ಪತ್ರೆಯ ದೊರೆಸಾನಿ ಕೊಟ್ಟ ಔಷಧದ ಬಾಟಲಿ ತಂದು, "ಇದ್ರಲ್ಲಿ ದೊಡ್ಡದು ಎರಡೇ ಉಂಟು, ಮಿಕ್ಕಿದ್ದೆಲ್ಲ ಮರಿಗಳು. ಇವನ್ನು ಯಾವಾಗ ಹೇಳಿಕೊಡ್ತೀರಿ? ಬಾಣಂತಿಗೆ ಎಷ್ಟು ಹನಿ ಹಾಕ್ಬೇಕು ಅಂತ ಆ ಮರಿಗಳಲ್ಲೇ ಅಲ್ವಾ ಇರೋದು" ಎಂದಳು. ಅದಕ್ಕೆ ಎದುರಾಡುವುದು ಹೇಗೆ? ಹೇಳಿಕೊಟ್ಟ. ಅವಳು ಬಾಟಲಿಗೆ ಅಂಟಿಸಿದ ಲೇಬಲ್ಲಿನ ತಳದಲ್ಲಿದ್ದ ಅಚ್ಚುಕೂಟದ ಹೆಸರನ್ನೂ ಬಿಡದೆ ಓದಿದಾಗ, ಅಲ್ಲಿಯ ತನಕ ಹೇಡಿಯಾಗಿದ್ದವನಿಗೆ ಏನೋ ಆಗಿ, "ಹೀಗೇ ಓದ್ಬೇಕು. ಇನ್ನು ಮೇಲೆ ಈ ಕ್ಲಾಸಿನಲ್ಲಿ ಒಂದು ಕಾಗದ ಹಿಡಿದ್ರೆ ಕಟ್ಟಕಡೆಯ ಅಕ್ಷರದ ತನಕ ಓದೋದು, ಅದು ಎಷ್ಟೇ ಸಣ್ಣದಿರಲಿ" ಎಂದು ನಿಯಮ ಮಾಡಿಬಿಟ್ಟಿದ್ದ. ಆ ಘಳಿಗೆಯ ಉತ್ಸಾಹ ನಿಜವಾದದ್ದು. ತಾನೂ ಒಬ್ಬ ಮೇಷ್ಟ್ರು ಅನ್ನಿಸಿದ ಮೊದಲ ಸಂಜೆ ಅದು.

ಮತ್ತೆ ರಜಬ್ ಅಲಿ ಕಲಿತ ರೀತಿಯನ್ನು ನೆನೆದರೆ ಅವನಿಗೆ ಹೆದರಿಕೆಯ ನಡುವೆಯೂ ಮೆಚ್ಚುಗೆ ಉಕ್ಕಿ ಬರುತ್ತದೆ. ಐವತ್ತೆರಡು ವರ್ಷ, ದಾರ ಕಟ್ಟಿದ ಕನ್ನಡಕ, ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗದ ಬೆರಳು. ಲಿಂಗಪ್ಪನ ಹಾಗೆ ಊಹೆ ಹೊಡೆಯುವುದಿಲ್ಲ, ರಂಗಮ್ಮನ ಹಾಗೆ ಜಗಳವಾಡುವುದಿಲ್ಲ. ಕಾರ್ಬುರೇಟರ್ ಬಿಚ್ಚಿದರೆ ಒಂದೊಂದು ಭಾಗವನ್ನೂ ಚಿಂದಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿಡುತ್ತಾನಲ್ಲ, ಪದವನ್ನೂ ಹಾಗೆಯೇ ಬಿಡಿಸಿ ಇಡುತ್ತಾನೆ. ಎಲ್ಲ ಕಣ್ಣೆದುರಿಗಿದೆ ಎಂದು ಖಾತ್ರಿಯಾದ ಮೇಲೆಯೇ ಕೂಡಿಸಿ ಓದುತ್ತಾನೆ. ತಪ್ಪಿದರೆ ನಾಚಿಕೊಳ್ಳುವುದಿಲ್ಲ, ಮತ್ತೆ ಬಿಚ್ಚುತ್ತಾನೆ. ಇಂಟರ್‌ಮೀಡಿಯೆಟ್ ತನಕ ಓದಿದ ತಾನು ಒಂದು ಪದವನ್ನಾದರೂ ಇಷ್ಟು ಗೌರವದಿಂದ ಕೈಗೆತ್ತಿಕೊಂಡಿದ್ದುಂಟೇ? ಹಿಂದಿನ ಕೋಣೆಗೆ ಕಟ್ಟಿದ ಗೋಣಿಪರದೆಯಾಚೆ ಅವನ ಹೆಂಡತಿ ರಹೀಮುನ್ನೀಸಾ ಕೂತು ಕೇಳಿಸಿಕೊಳ್ಳುತ್ತಾರೆ. ಅವರು ಎಷ್ಟು ಕಲಿತಿದ್ದಾರೆಂದು ಯಾರಿಗೂ ಗೊತ್ತಿಲ್ಲ, ಗಂಡ ತಡವರಿಸಿದಾಗ ಮಾತ್ರ ಪರದೆಯೊಳಗಿಂದ ಸರಿಯಾದ ಪದ ಮೆಲ್ಲಗೆ ಬಂದು ಬೀಳುತ್ತದೆ. ಇಂಥವರ ಎದುರು ಇವತ್ತು ತನ್ನ ಹೆಸರು ಕೆಡುತ್ತದೆ. ಕೆಲಸ ಹೋಗುವುದಿಲ್ಲ, ಊರು ಬಿಡಬೇಕಾಗಿಲ್ಲ. ವಾರಕ್ಕೆ ಎರಡು ಸಂಜೆ ಯಾರೋ ಮೇಷ್ಟ್ರೇ ಎಂದು ಕರೆಯುವುದು ನಿಲ್ಲುತ್ತದೆ, ಅಷ್ಟೆ.

ಶೆಡ್ಡು ಗುಡಿಸಿ ನೀರು ಚಿಮುಕಿಸಿದ್ದರು. ಇನ್ನೂ ಬೆಳಕಿದ್ದರೂ ಲಾಟೀನು ಹಚ್ಚಿ ಬೆಂಚಿನ ಮೇಲಿಟ್ಟಿದ್ದರು. ಲಿಂಗಪ್ಪ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಂದು ಕೂತಿದ್ದ. ರಂಗಮ್ಮ ಸೆರಗಿನಿಂದ ಕಾಲಿನ ಧೂಳು ಕೊಡವಿಕೊಳ್ಳುತ್ತಿದ್ದಳು. "ಮುಖ ಯಾಕೋ ಇಷ್ಟೇ ಆಗಿದೆಯಲ್ಲ ಮೇಷ್ಟ್ರೇ" ಎಂದಳು. ಬಿಸಿಲು ಎಂದ. ರಜಬ್ ಅಲಿ ಒಗೆದ ಅಂಗಿ ತೊಟ್ಟು, ತಲೆಗೆ ಟೋಪಿ ಇಟ್ಟು, ಪಕ್ಕದಲ್ಲಿ ಕಟ್ಟನ್ನು ಬೋರಲು ಹಾಕಿಕೊಂಡು ಕೂತಿದ್ದ. ಎಲ್ಲರೂ ಬಂದ ಮೇಲೆ ಹಿಂದಿನ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತು ಸಾಲಾಗಿ ಇಟ್ಟ, ಗಾಜು ತೆಗೆದು ಗೋಡೆಗೆ ಒರಗಿಸಿದ, ಚೀಟಿಯನ್ನು ಬಿಡಿಸಿಕೊಂಡ. ಒಂಬತ್ತು ವರ್ಷದಲ್ಲಿ ಅದು ಚಹದ ಬಣ್ಣಕ್ಕೆ ತಿರುಗಿತ್ತು. ಓಂಕಾರಮೂರ್ತಿ ದೂರದಿಂದಲೇ ಎಡಮೂಲೆ ನೋಡಿದ. ಶಾಯಿ ಮಾಸಿರಲಿಲ್ಲ. ಎರಡನೆಯ ಸಲ ಅಷ್ಟು ಚೆನ್ನಾಗಿ ಹೊಡೆದಿದ್ದನಲ್ಲ.

"ಶುರು ಮಾಡ್ತೀನಿ ಮೇಷ್ಟ್ರೇ" ಎಂದ ರಜಬ್ ಅಲಿ. ಬೆರಳಿಟ್ಟು ಓದಿದ. ಚೀಟಿ ರಜಬ್ ಅಲಿಯ ಹೆಸರಿನಿಂದಲೇ ಶುರುವಾಗುತ್ತದೆಂದು ತಿಳಿದು ಲಿಂಗಪ್ಪ ಭಲೇ ಎಂದ. ನಾಲ್ಕು ವರ್ಷ ಕಾರು ಓಡಿಸಿದ ಎಂದಿತ್ತು. ಓದಿ ಅರ್ಥ ಹೇಳಿದ. ಕಾರಿನ ಯಜಮಾನ ತಾನೇ ಎಂದು ತಿಳಿದವನು ಎಂದಿತ್ತು. ಆ ಸಾಲು ಮುಗಿಯುವ ಹೊತ್ತಿಗೆ ಲಿಂಗಪ್ಪನ ನಗು ಅರ್ಧಕ್ಕೆ ನಿಂತಿತು. ಸೊಕ್ಕು ಎಂಬ ಪದ ರಜಬ್ ಅಲಿಗೆ ಸಿಗಲಿಲ್ಲ, ಪರದೆಯಾಚೆಯಿಂದ ಬಂತು. ಅವನ ದನಿ ಏರಲೂ ಇಲ್ಲ ಇಳಿಯಲೂ ಇಲ್ಲ, ಹಿಂದಿನ ಪಾಠವೊಂದರಲ್ಲಿ ಬಿಸ್ಕತ್ತಿನ ಡಬ್ಬಿ ಓದಿದ ದನಿಯೇ. ಇವನನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಜೊತೆಗೆ, ಎಂದು ಓದಿ ಬೆರಳು ನಿಲ್ಲಿಸಿ ತಲೆಯೆತ್ತಿದ. "ವ್ಹಿಪ್ ಅಂತ ಇದೆ. ಈ ಪದ ನಂಗೆ ಗೊತ್ತಿಲ್ಲ. ಎಂತ ಬರೆದಿದ್ದಾರೆ ರೈಟ್ರೇ?"

ಮೇಷ್ಟ್ರೇ ಎನ್ನಲಿಲ್ಲ, ರೈಟ್ರೇ ಎಂದ. ಜಗುಲಿಯ ಮೇಲೆ ಕೇಳಿದ ಅದೇ ಮಾತು, ಅದೇ ಕಣ್ಣು. ಹಗ್ಗ ಎನ್ನಬಹುದಿತ್ತು. ಒಂದು ಕಂಬಳಿ ಎನ್ನಬಹುದಿತ್ತು, ದೊರೆ ದಯಾಳುವಾಗುತ್ತಿದ್ದ, ಮಿಕ್ಕ ಸಾಲುಗಳನ್ನೂ ಹಾಗೆಯೇ ತಿರುಗಿಸಿಬಿಡಬಹುದಿತ್ತು. ನಾಲಿಗೆಯ ತುದಿಗೆ ಸುಳ್ಳು ಎಷ್ಟು ಸಲೀಸಾಗಿ ಬಂದು ನಿಲ್ಲುತ್ತದೆಂದು ಕಂಡು ಓಂಕಾರಮೂರ್ತಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. "ಚಾಟಿ" ಎಂದ. ದನಿ ಹೊರಡಲಿಲ್ಲವೆಂದು ಇನ್ನೊಮ್ಮೆ ಹೇಳಿದ. "ಚಾಟಿ. ದನಕ್ಕೆ ಹೊಡೀತಾರಲ್ಲ, ಅದು. ಅದನ್ನೂ ಇಟ್ಕೊಳ್ಳಬೇಕು ಅಂತ ಬರೆದಿದ್ದಾರೆ." ರಂಗಮ್ಮನ ಬಾಯಿಂದ ಒಂದು ಉಸಿರು ಹೊರಟಿತು. ರಜಬ್ ಅಲಿ ತಲೆಯಾಡಿಸಿದ, ಇಂಜಿನ್ನಿನಲ್ಲಿ ತಾನು ಊಹಿಸಿದ ಜಾಗದಲ್ಲೇ ದೋಷ ಸಿಕ್ಕಿದಾಗ ಆಡಿಸುವ ಹಾಗೆ. "ಹೂಂ. ಈಗ ಸರಿ ಆಯ್ತು" ಎಂದು ಕನ್ನಡಕ ಏರಿಸಿಕೊಂಡು ಮುಂದಿನ ಸಾಲಿಗೆ ಬೆರಳು ಸರಿಸಿದ. ಓಂಕಾರಮೂರ್ತಿ ಒಂಬತ್ತು ವರ್ಷ ನೆನೆಯದೆ ತಪ್ಪಿಸಿಕೊಂಡ ಸಾಲು ಅದು.

"ಹಿ. ಕೆನಾಟ್. ರೀಡ್. ದಿಸ್." ಒಂದೊಂದನ್ನೂ ಬಿಡಿಸಿ ಇಟ್ಟು, ಆಮೇಲೆ ಕೂಡಿಸಿ ಇನ್ನೊಮ್ಮೆ ಓದಿದ. "ಇವನಿಗೆ ಇದನ್ನು ಓದಕ್ಕೆ ಬರೋದಿಲ್ಲ" ಎಂದು ಅರ್ಥ ಹೇಳಿ, ಕೇಳಿಸಿಕೊಂಡವರನ್ನೆಲ್ಲ ಒಂದು ಸುತ್ತು ನೋಡಿ, ರಜಬ್ ಅಲಿ ಮೆಲ್ಲಗೆ ನಕ್ಕ. "ಈ ಒಂದು ಸಾಲು ಸುಳ್ಳಾಯ್ತು ಲಿಂಗಪ್ಪನೋರೇ." ಆಮೇಲೆ ಕೊನೆಯ ಸಾಲನ್ನೂ ಓದಿದ: ಹೆಮ್ಮೆಯಿಂದ ಇದನ್ನು ತೋರಿಸುತ್ತಾನೆ, ಇವನು ಆಚೆ ಹೋಗುವ ತನಕ ದಯಮಾಡಿ ನಗಬೇಡಿ. ದೊರೆಯ ರುಜು ಓದಿದ. ಹೆಬ್ಬೆರಳನ್ನು ಹಾಳೆಯ ಎಡಮೂಲೆಯ ಮೇಲಿಟ್ಟು, "ಇಲ್ಲಿಗೆ ಮುಗೀತು" ಎಂದ.

ಓಂಕಾರಮೂರ್ತಿ ಆ ಹೆಬ್ಬೆರಳನ್ನು ನೋಡಿದ. ಕಪ್ಪು ಹಿಡಿದ, ಅಗಲವಾದ, ಎರಡಕ್ಷರ ಮುಚ್ಚಲು ಬೇಕಾದದ್ದಕ್ಕಿಂತ ದೊಡ್ಡದಾದ ಬೆರಳು. ಅದು ತಾನಾಗಿ ಅಲ್ಲಿ ಬಿದ್ದದ್ದಲ್ಲ. ಈ ಮನುಷ್ಯ ಯಾವತ್ತೋ ಓದಿದ್ದಾನೆ, ಕಡೆಯ ಅಕ್ಷರದ ತನಕ ಓದಿದ್ದಾನೆ, ಈಗ ನನ್ನ ಮಾನವನ್ನು ಬೆರಳಿನ ಕೆಳಗಿಟ್ಟುಕೊಂಡು ಕಾಪಾಡುತ್ತಿದ್ದಾನೆ. ಅವಮಾನ ಓದಿಸಿಕೊಂಡವನು ಅವನು, ಮರೆ ಸಿಕ್ಕಿದ್ದು ತನಗೆ. ಇಷ್ಟು ದೊಡ್ಡ ಮನಸ್ಸು ಇದಕ್ಕೆ ಮೊದಲು ತನಗೆ ಕಂಡಿರಲಿಲ್ಲ ಎಂದು ಓಂಕಾರಮೂರ್ತಿಗೆ ಅನ್ನಿಸಿತು. ಅನ್ನಿಸಿದ ಮೇಲೆ ಆ ಮರೆಯಲ್ಲಿ ಕೂತಿರುವುದು ಆಗಲಿಲ್ಲ. "ಮುಗೀಲಿಲ್ಲ ಸಾಹೇಬ್ರೇ" ಎಂದ. "ಇನ್ನೆರಡು ಅಕ್ಷರ ಉಂಟು. ಓದಿ."

"ಬೇಡ ಬಿಡಿ ಮೇಷ್ಟ್ರೇ."

"ಕಡೆಯ ಅಕ್ಷರದ ತನಕ ಅಂತ ನಿಯಮ. ನಾನೇ ಮಾಡಿದ್ದು."

ರಜಬ್ ಅಲಿ ಹೆಬ್ಬೆರಳು ತೆಗೆದ. "ಓ. ಎಮ್." ಎಂದು ಓದಿದ. ರಂಗಮ್ಮ ಬಗ್ಗಿ ನೋಡಿ, "ಅದು ಯಾರು?" ಎಂದಳು. "ಟೈಪು ಹೊಡೆದವನ ಹೆಸರು ಅದು" ಎಂದ ಓಂಕಾರಮೂರ್ತಿ. "ನಾನು. ದೊರೆ ಹೇಳಿದ್ರು, ನಾನು ಹೊಡೆದೆ. ಹೊಡೆದು, ಇವರ ಕೈಗೆ ಕೊಟ್ಟು, ಬೇರೇನೋ ಓದಿದೆ." ಲಿಂಗಪ್ಪ ನೆಲ ನೋಡಿದ. ಇನ್ನೇನು ಎಲ್ಲರೂ ಏಳುತ್ತಾರೆ, ಬೆಂಚು ಎತ್ತಿಡುತ್ತಾರೆ ಎಂದು ಓಂಕಾರಮೂರ್ತಿ ಚಪ್ಪಲಿಗಾಗಿ ಕಾಲು ಚಾಚಿದ. ಆಗ ಪರದೆಯಾಚೆಯಿಂದ ರಹೀಮುನ್ನೀಸಾ ಕೇಳಿದರು: "ಹಂಗಾದ್ರೆ ಆ ಮಂಜಿನ ಮಾತು ಯಾರದ್ದು ಭಾಯಿ?"

"ಅದೂ ನಂದೇ, ಅಮ್ಮ."

"ನಂಗೆ ಬದರುನ ನಿಶ್ಚಿತಾರ್ಥದ ದಿನವೇ ಗೊತ್ತಾಯ್ತು ಮೇಷ್ಟ್ರೇ" ಎಂದ ರಜಬ್ ಅಲಿ. ಮೊಳೆಗಳನ್ನು ಅಂಗೈಗೆ ಹಾಕಿಕೊಳ್ಳುತ್ತಿದ್ದ. "ನೀವು ಮಂಜಿನ ಮಾತು ಬಿಟ್ರಲ್ಲ. ಕಾಗದದಲ್ಲಿದ್ದ ಮಾತು ಮರೆತು ಹೋಗೋದು ಹ್ಯಾಂಗೆ ಮಾರಾಯ್ರೆ? ಬೇರೆ ಯಾರ ಹತ್ರಾನಾದ್ರೂ ಓದಿಸ್ಬಹುದಿತ್ತು. ಯಾರು ಓದಿದ್ರೂ ಅದು ಅವ್ರು ಹೇಳಿದ್ದೇ ಆಗ್ತದೆ ಅಲ್ವಾ. ನಾನೇ ಓದ್ಬೇಕು ಅನ್ನಿಸ್ತು. ಅದಕ್ಕೇ ಆ ಭಾನುವಾರ ನಿಮ್ಮ ಅಂಗಳಕ್ಕೆ ಬಂದದ್ದು." ಕಡೆಯ ಮೊಳೆಯನ್ನೂ ಹೆಕ್ಕಿಕೊಂಡ. "ಕಲಿತು ನಾನೇ ಓದಿದ ದಿನ ಬೇಜಾರಾಯ್ತು. ಇಲ್ಲ ಅನ್ನಲ್ಲ. ಎರಡು ದಿನ ಕೆಲ್ಸ ಮಾಡ್ಲಿಲ್ಲ. ಆಮೇಲೆ ಅನ್ನಿಸ್ತು, ಆ ಘಾಟಿಯಲ್ಲಿ ನಾನು ಮಾಡಿದ್ದು ಸರಿ ಅಂತ ಈ ಭೂಮಿ ಮೇಲೆ ಒಬ್ರಾದ್ರೂ ಹೇಳಿದ್ರಲ್ಲ. ಅದು ದೊರೆ ಅಂತ ತಿಳ್ಕೊಂಡಿದ್ದೆ. ದೊರೆ ಅಲ್ಲ, ಅಷ್ಟೇ."

ಓಂಕಾರಮೂರ್ತಿಗೆ ಅಳು ಬಂತು. ತಡೆಯಲು ಹೋಗಲಿಲ್ಲ. ರಂಗಮ್ಮ ಲಾಟೀನಿನ ಬತ್ತಿ ಏರಿಸುವ ನೆಪದಲ್ಲಿ ಅವನ ಕಡೆಗೆ ಬೆನ್ನು ಮಾಡಿ ಕೂತಳು. ರಜಬ್ ಅಲಿ ಚೀಟಿಯನ್ನು ಮೊದಲಿದ್ದ ಮಡಿಕೆಗೇ ಮಡಿಸಿ ಟ್ರ‍ಂಕಿನೊಳಗೆ ಇಟ್ಟು ಬಂದ. ಕಟ್ಟು ಮತ್ತು ಗಾಜನ್ನು ಮಾತ್ರ ಬೆಂಚಿನ ಮೇಲೆ ಬಿಟ್ಟ.

"ಈ ಕ್ಲಾಸಿನಲ್ಲಿ ಎಲ್ಲರ ಸರದಿಯೂ ಆಯ್ತು" ಎಂದ. "ಮೇಷ್ಟ್ರದ್ದು ಒಂದು ಆಗಿಲ್ಲ. ಬರೋ ಬುಧವಾರ ನಿಮ್ದು. ಜಗುಲಿ ಮೇಲೆ ನೀವು ಬಾಯಲ್ಲಿ ಓದಿದ್ರಲ್ಲ, ಅದನ್ನ ಇಂಗ್ಲಿಷಿನಲ್ಲಿ ಹೊಡ್ಕೊಂಡು ಬನ್ನಿ. ಮಂಜಿನ ಮಾತು ಬಿಡ್ಬೇಡಿ. ನಾನು ಓದ್ತೀನಿ, ಇವರೆಲ್ಲ ಕೇಳ್ತಾರೆ, ಆಮೇಲೆ ಗೋಡೆಗೆ ಹಾಕೋಣ." ಕಟ್ಟಿನ ಗಾಜನ್ನು ಲಾಟೀನಿನ ಬೆಳಕಿಗೆ ಹಿಡಿದು, ಅಂಗಿಯ ತುದಿಯಿಂದ ಒರೆಸಿ, ಮತ್ತೊಮ್ಮೆ ಹಿಡಿದು ನೋಡಿದ. "ಮತ್ತೆ ಕೆಳಗೆ ಮೂಲೆಯಲ್ಲಿ ಎರಡಕ್ಷರ ಹಾಕ್ಬೇಡಿ. ಪೂರ್ತಿ ಹೆಸರು ಬರೀರಿ."